ಕ್ಯಾಚರ್‌ನ ಖಾಲಿ ಜಾಗ

ನಮ್ಮ ಮನೆಯಿಂದ ಯಾರ ಪಾತ್ರೆಯೂ ಖಾಲಿಯಾಗಿ ವಾಪಸು ಹೋಗುತ್ತಿರಲಿಲ್ಲ. ಮೈಸೂರಿನಲ್ಲಿ ಹೇಗೋ ಕ್ವೀನ್ಸ್‌ನಲ್ಲೂ ಹಾಗೆಯೇ. ನೆರೆಯವರು ಒಂದು ಬಟ್ಟಲಿನಲ್ಲಿ ಏನಾದರೂ ಕೊಟ್ಟರೆ, ಬಟ್ಟಲನ್ನು ತೊಳೆದು ಒರೆಸಿ, ಅದರೊಳಗೆ ನಮ್ಮದೇನಾದರೂ ಹಾಕಿಯೇ ಕೊಡಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಸರಿ. ಅಮ್ಮನಿಗೆ ಇದು ಯೋಚಿಸಿ ಮಾಡುವ ಕೆಲಸವೇ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮುಂದೆ ಆದದ್ದಕ್ಕೆ ಯಾರೂ ಅಮ್ಮನನ್ನು ದೂರಬಾರದು. ನಾನು ಮನಸ್ಸಿನಲ್ಲೇ ಬಹಳ ವರ್ಷ ದೂರಿದ್ದೇನೆ. ಒಬ್ಬಳು ದೂರಿದ್ದು ಸಾಕು.

ಕ್ವೀನ್ಸ್‌ನ ಫ್ಲೋರಲ್ ಪಾರ್ಕಿನಲ್ಲಿ ನಾವಿದ್ದದ್ದು ಒಂದು ಮನೆಯ ಮೇಲಿನ ಮಹಡಿಯಲ್ಲಿ. ಕೆಳಗೆ ಮನೆಯ ಒಡತಿ. ಗಂಡ ತೀರಿಕೊಂಡಿದ್ದರು, ಒಬ್ಬನೇ ಮಗ ಯುದ್ಧಕ್ಕೆ ಹೋಗಿದ್ದ. ಇಟಲಿಯಿಂದ ಬಂದವರ ಮಗಳು, ಮಂಡಿನೋವು, ದಪ್ಪ ಕಾಲುಚೀಲ, ಗಟ್ಟಿ ಗಂಟಲು. ವಯಸ್ಸು ಅರವತ್ತೂ ಆಗಿರಲಿಕ್ಕಿಲ್ಲ, ಆದರೆ ನಾವು ಅವರನ್ನು ಕೆಳಗಿನಜ್ಜಿ ಎಂದೇ ಕರೆಯುತ್ತಿದ್ದೆವು. ಈಗ ಹಿಲ್‌ಸೈಡ್ ಅವೆನ್ಯೂ ಉದ್ದಕ್ಕೂ ನಮ್ಮವರ ಅಂಗಡಿಗಳಿವೆ. ಅರವತ್ತೊಂಬತ್ತರಲ್ಲಿ ಹುಣಿಸೆಹಣ್ಣು ಬೇಕೆಂದರೆ ಅಪ್ಪ ರೈಲು ಹತ್ತಿ ಮ್ಯಾನ್‌ಹ್ಯಾಟನ್‌ಗೆ ಹೋಗಬೇಕಾಗಿತ್ತು. ಮಾತಾಡಲು ಕನ್ನಡದವರೊಬ್ಬರೂ ಹತ್ತಿರದಲ್ಲಿಲ್ಲದ ಆ ಬೀದಿಯಲ್ಲಿ ಅಮ್ಮನಿಗಿದ್ದ ಬಳಕೆಯೆಂದರೆ ಕೆಳಗಿನಜ್ಜಿಯ ತಟ್ಟೆ. ಅಜ್ಜಿ ಮೊಟ್ಟೆ ಹಾಕದ ಬಿಸ್ಕತ್ತು ಮಾಡಿ ಕಳಿಸುವರು, ಅಮ್ಮ ಅದೇ ತಟ್ಟೆಯಲ್ಲಿ ಕೋಡುಬಳೆ ಇಟ್ಟು ಕಳಿಸುವಳು. ಮೊದಮೊದಲು ಅಜ್ಜಿಗೆ ಇದು ವಿಚಿತ್ರವೆನಿಸಿತು. ಆಮೇಲೆ ಅವರಿಗೂ ಹಟ ಹುಟ್ಟಿತು. ಇಬ್ಬರಲ್ಲಿ ಒಬ್ಬರೂ ಸೋಲಲಿಲ್ಲವಾದ್ದರಿಂದ ಆ ತಟ್ಟೆ ಖಾಲಿಯಾಗಿ ಮೆಟ್ಟಿಲು ಹತ್ತಿದ್ದನ್ನಾಗಲಿ ಇಳಿದದ್ದನ್ನಾಗಲಿ ನಾನು ನೋಡಲಿಲ್ಲ. ತಟ್ಟೆ ಹೊರುವ ಕತ್ತೆ ನಾನೇ.

ನಾವು ಬಂದಿಳಿದ ವರ್ಷವೇ ನಮ್ಮ ಕ್ವೀನ್ಸ್‌ನ ಬೇಸ್‌ಬಾಲ್ ತಂಡ, ಎಲ್ಲರೂ ಗೇಲಿ ಮಾಡುತ್ತಿದ್ದ ತಂಡ, ದೇಶದಲ್ಲೇ ಮೊದಲು ಬಂದುಬಿಟ್ಟಿತು. ನನಗೆ ಎಂಟು ವರ್ಷ. ಶಾಲೆಯಲ್ಲಿ ನನ್ನ ಜಡೆಗೆ, ನನ್ನ ಉಚ್ಚಾರಣೆಗೆ, ಡಬ್ಬಿಯಲ್ಲಿದ್ದ ಮೊಸರನ್ನಕ್ಕೆ ನಗುತ್ತಿದ್ದವರೆಲ್ಲ ಆ ಒಂದು ತಿಂಗಳು ನನ್ನನ್ನು ಮರೆತು ಕುಣಿದಾಡಿದರು. ಆ ಉಪಕಾರಕ್ಕೆ ನಾನು ಆ ತಂಡದವಳಾದೆ. ಆಟಗಾರರ ಚಿತ್ರವಿರುವ ಕಾರ್ಡುಗಳು ಅಂಗಡಿಯಲ್ಲಿ ಚೂಯಿಂಗ್ ಗಮ್ ಜೊತೆ ಪೊಟ್ಟಣದಲ್ಲಿ ಸಿಗುತ್ತಿದ್ದವು. ಪೊಟ್ಟಣದೊಳಗೆ ಯಾರಿದ್ದಾರೆ ಎಂಬುದು ಅದೃಷ್ಟ. ಬೇರೆ ತಂಡದವರು ಬಂದರೆ ಬೀದಿಯ ಹುಡುಗರೊಡನೆ ಬದಲಾಯಿಸಿಕೊಂಡು ನಮ್ಮ ತಂಡದವರನ್ನು ಪಡೆಯಬೇಕು. ಗಮ್‌ನಲ್ಲಿ ಯಾವ ಪ್ರಾಣಿಯ ಕೊಬ್ಬು ಹಾಕಿರುತ್ತಾರೋ ಎಂದು ಅಮ್ಮ ಅದನ್ನು ನನ್ನ ಬಾಯಿಗೆ ಬಿಡುತ್ತಿರಲಿಲ್ಲ. ಹಾಗಾಗಿ ಗಮ್ಮನ್ನು ನಾನು ಕೊಸರು ಹಾಕಿ ವ್ಯಾಪಾರ ಕುದುರಿಸುತ್ತಿದ್ದೆ. ಮೈಸೂರಿನ ಮಾರ್ಕೆಟ್ಟಿನಲ್ಲಿ ಅಮ್ಮ ಕೊತ್ತಂಬರಿ ಕೊಸರು ಕೇಳುವುದನ್ನು ನೋಡಿ ಬೆಳೆದವಳು ನಾನು. ಹುಡುಗರಿಗೆ ನನ್ನೆದುರು ನಿಲ್ಲಲಾಗುತ್ತಿರಲಿಲ್ಲ.

ನನ್ನ ಕೈಯಲ್ಲಿ ಕಾರ್ಡುಗಳನ್ನು ನೋಡಿದ ಒಂದು ದಿನ ಅಜ್ಜಿ ಒಳಗೆ ಕರೆದು ಒಂದು ತಗಡಿನ ಡಬ್ಬ ತೆಗೆದರು. ಬಿಸ್ಕತ್ತಿನ ಹಳೆಯ ಡಬ್ಬ, ಮುಚ್ಚಳದ ಮೇಲೆ ಬಣ್ಣ ಮಾಸಿದ ಗುಲಾಬಿ. ಒಳಗೆ ಅವರ ಮಗ ಕೂಡಿಸಿದ್ದ ಕಾರ್ಡುಗಳು, ಅರವತ್ತೇಳರ ವರ್ಷದವು, ಎಲ್ಲವೂ ನಮ್ಮ ತಂಡದವೇ. ಅವನು ಸೈನ್ಯಕ್ಕೆ ಹೋಗುವ ಮೊದಲಿನ ಬೇಸಿಗೆಯಲ್ಲಿ ಕೂಡಿಸಿದ್ದು. ಇಡೀ ತಂಡ ಕಾರ್ಡುಗಳ ಹಿಂದೆ ಅಚ್ಚಾದ ನಂಬರಿನ ಕ್ರಮದಲ್ಲಿ ನಿಂತಿತ್ತು, ಒಬ್ಬನನ್ನು ಬಿಟ್ಟು. ಅವನೊಬ್ಬ ಮೀಸಲು ಕ್ಯಾಚರ್, ನಮ್ಮ ಕ್ರಿಕೆಟ್ಟಿನ ವಿಕೆಟ್‌ಕೀಪರ್ ಇದ್ದ ಹಾಗೆ. ಆಟಕ್ಕೆ ಇಳಿದದ್ದೇ ಅಪರೂಪ. ಆದರೆ ಅವನ ಕಾರ್ಡು ಆ ವರ್ಷದ ಕೊನೆಯ ಕಂತಿನಲ್ಲಿ, ಬೇಸಿಗೆ ಮುಗಿದು ಅಂಗಡಿಯವರು ಫುಟ್‌ಬಾಲ್ ಕಾರ್ಡು ತರಿಸತೊಡಗಿದ ಮೇಲೆ ಬಂದದ್ದು. ಹಾಗಾಗಿ ಸಿಗುವುದು ಕಷ್ಟ. ಅವನ ಜಾಗದಲ್ಲಿ ಬೆಳಗಿನ ತಿಂಡಿಯ ಸೀರಿಯಲ್ ಪೆಟ್ಟಿಗೆಯಿಂದ ಕಾರ್ಡಿನ ಅಳತೆಗೇ ಕತ್ತರಿಸಿದ ಒಂದು ರಟ್ಟಿನ ಚೂರು ಇತ್ತು. ಅದರ ಮೇಲೆ ನೀಲಿ ಪೆನ್ನಿನಲ್ಲಿ, ಬಲಕ್ಕೆ ವಾಲಿದ ಅಕ್ಷರದಲ್ಲಿ, ಕ್ಯಾಚರ್‌ನ ಕಾರ್ಡಿನ ನಂಬರು. ಬೇರೇನೂ ಬರೆದಿರಲಿಲ್ಲ.

“ಅದೊಂದು ಹಾಗೇ ಇರಲಿ ಅಮ್ಮಾ, ಬಂದಮೇಲೆ ನಾನೇ ಹುಡುಕುತ್ತೇನೆ, ಎಂದು ಹೇಳಿ ಹೋದ,” ಎಂದರು ಅಜ್ಜಿ, ಇಂಗ್ಲಿಷಿನಲ್ಲಿ, ಪ್ರತಿ ಮಾತನ್ನೂ ಬಿಡಿಸಿ.

ಹೋದವನು ಕಾಣೆಯಾಗಿದ್ದ. ಸತ್ತ ಎಂದು ಯಾರೂ ಬರೆದು ಕೊಟ್ಟಿರಲಿಲ್ಲ, ಬದುಕಿದ್ದಾನೆ ಎಂದೂ ಹೇಳಿರಲಿಲ್ಲ. ಸಮವಸ್ತ್ರದವರು ಇಬ್ಬರು ಬಂದು, ಕಾಣೆಯಾಗಿದ್ದಾನೆ ಎಂದು ಹೇಳಿ, ಟೋಪಿ ಹಾಕಿಕೊಂಡು ಹೋದರಂತೆ. ಬೀದಿಯವರೆಲ್ಲ ಅವನ ಮಾತು ಬಂದಾಗ ದನಿ ತಗ್ಗಿಸುತ್ತಿದ್ದರು. ಅಜ್ಜಿ ತಗ್ಗಿಸುತ್ತಿರಲಿಲ್ಲ. ಅವನ ಗೆಳೆಯನೊಬ್ಬ ಎಲ್ಲಿಂದಲೋ ಆ ಕ್ಯಾಚರ್‌ನ ಕಾರ್ಡು ಸಂಪಾದಿಸಿ ಅಜ್ಜಿಗೆ ತಂದುಕೊಟ್ಟಿದ್ದನಂತೆ. ಅಜ್ಜಿ ಅವನಿಗೆ ಕಾಫಿ ಕೊಟ್ಟು, ಕೇಕು ಕೊಟ್ಟು, ಕಾರ್ಡನ್ನು ಅವನ ಜೇಬಿಗೇ ತುರುಕಿ ಕಳಿಸಿದರಂತೆ. “ಅದು ನನ್ನ ಮಗನ ಕೆಲಸ. ಆ ಕೆಲಸ ಬಾಕಿ ಇರುವ ತನಕ ಅವನು ಬರಲೇಬೇಕು,” ಎಂದರು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅಪ್ಪ ಊರಿಗೆ ಹೊರಟಾಗ ಹಿಂದಿನಿಂದ ಎಲ್ಲಿಗೆ ಎಂದು ಕೇಳಬಾರದು ಎನ್ನುವ ಮನೆಯಲ್ಲಿ ಬೆಳೆದವಳಿಗೆ ಇದು ಸುಲಭವಾಗಿಯೇ ಅರ್ಥವಾಯಿತು.

ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಗುಟ್ಟೆಂದಲ್ಲ. ನಮ್ಮ ಮನೆಯಲ್ಲಿ ಕಾರ್ಡುಗಳಿಗೆ ಹೆಸರೇ ‘ರಟ್ಟಿನ ಚೂರು’. “ಆ ರಟ್ಟಿನ ಚೂರು ಎತ್ತಿಟ್ಟು ಮಗ್ಗಿ ಹೇಳು” ಎನ್ನುವಲ್ಲಿಗೆ ಅಮ್ಮನ ಆಸಕ್ತಿ ಮುಗಿಯುತ್ತಿತ್ತು.

ಆಮೇಲಿನ ವರ್ಷಗಳಲ್ಲಿ ನಾನೂ ಅರವತ್ತೇಳರ ತಂಡವನ್ನು ಕೂಡಿಸತೊಡಗಿದೆ. ಅಜ್ಜಿಯ ಡಬ್ಬವನ್ನು ನೋಡಿ ಬಂದ ಆಸೆ. ಸಂಜೆ ಶಾಲೆ ಬಿಟ್ಟಮೇಲೆ ಅವರ ಅಡುಗೆಮನೆ ಮೇಜಿನ ಮೇಲೆ ಅವರದೊಂದು ಸಾಲು, ನನ್ನದೊಂದು ಸಾಲು ಹರಡಿ ಕೂರುತ್ತಿದ್ದೆವು. ಅಜ್ಜಿ ಒಬ್ಬೊಬ್ಬ ಆಟಗಾರನನ್ನೂ ಮಗ ಬೈಯುತ್ತಿದ್ದ ಮಾತಿನಲ್ಲೇ ಬೈಯುವರು. ಕೊನೆಗೆ ನನ್ನ ಸಾಲಿನಲ್ಲೂ ಬಾಕಿ ಉಳಿದವನು ಅದೇ ಕ್ಯಾಚರ್. ಬೀದಿಯ ಯಾವ ಹುಡುಗನ ಹತ್ತಿರವೂ ಅವನಿರಲಿಲ್ಲ. ಎಷ್ಟು ಗಮ್ ಕೊಸರು ಹಾಕಿದರೂ ಇಲ್ಲದ್ದನ್ನು ಯಾರು ಕೊಡುತ್ತಾರೆ?

ಯುದ್ಧ ಮುಗಿಯುತ್ತಾ ಬಂದ ಚಳಿಗಾಲದಲ್ಲಿ, ಪಕ್ಕದ ನಸ್ಸಾ ಕೌಂಟಿಯ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕಾರ್ಡು ಕೂಡಿಸುವವರು ಸೇರಿ ಹರಾಜು ಮಾಡುತ್ತಾರೆಂದು ಗೊತ್ತಾಯಿತು. ಅಪ್ಪನನ್ನು ಕಾಡಿ ಬೇಡಿ ಹೊರಡಿಸಿದೆ. ಅಪ್ಪ ಭಾನುವಾರವೂ ಟೈ ಕಟ್ಟಿಕೊಂಡು ಬಂದರು. ಸಿಗಾರಿನ ಹೊಗೆ, ಒದ್ದೆ ಕೋಟುಗಳ ವಾಸನೆ, ಮಡಿಸುವ ಕುರ್ಚಿಗಳು. ದೊಡ್ಡ ದೊಡ್ಡ ಗಂಡಸರು ಮಕ್ಕಳಾಟದ ಕಾರ್ಡಿಗೆ ಮುಖ ಬಿಗಿದು ಕೂತಿದ್ದು ನೋಡಿ ಅಪ್ಪನಿಗೆ ನಗು ತಡೆಯಲಾಗಲಿಲ್ಲ. “ಇವರಿಗೆಲ್ಲ ಹೆಂಡತಿ ಮಕ್ಕಳು ಇದಾರೇನೇ?” ಎಂದು ಕಿವಿಯಲ್ಲಿ ಕೇಳಿದರು.

ನನ್ನ ಕ್ಯಾಚರ್ ಬಂದ. ಅಪ್ಪ ಕೈ ಎತ್ತಿದರು. ಇನ್ನೊಬ್ಬ ಎತ್ತಿದ. ಹರಾಜು ಕೂಗುವವನು ಅಪ್ಪನ ಕಡೆ ತಿರುಗಿ ಇನ್ನೂ ಹೆಚ್ಚಿಗೆ ಕೊಡುತ್ತೀರಾ ಎಂದು ಕೇಳಿದ. ಅಪ್ಪ ನಮ್ಮವರು ಹೂಂ ಎನ್ನಲು ಆಡಿಸುವ ಹಾಗೆ ತಲೆ ಅತ್ತಿತ್ತ ಆಡಿಸಿದರು. ಅವನು ಅದನ್ನು ಬೇಡ ಎಂದು ತಿಳಿದು ಇನ್ನೊಬ್ಬನಿಗೆ ಕೊಟ್ಟೇಬಿಡುವವನಿದ್ದ. ಮತ್ತೆ ಕೇಳಿದ. ಅಪ್ಪ ಇನ್ನೂ ಜೋರಾಗಿ ಆಡಿಸಿದರು. ನಾನು ಕುರ್ಚಿಯ ಮೇಲೆ ಹತ್ತಿ ನಿಂತು “ಹಿ ಮೀನ್ಸ್ ಯೆಸ್!” ಎಂದು ಕಿರುಚಿದೆ. ನೆಲಮಾಳಿಗೆ ನಕ್ಕಿತು, ಎದುರಾಳಿಯೂ ನಕ್ಕು ಕೈ ಇಳಿಸಿದ. ವಾಪಸು ಬಂದ ಅಪ್ಪ ಮನೆಯ ಮುಂದೆ ಕಾರು ನಿಲ್ಲಿಸಿ, “ಎಷ್ಟಾಯ್ತು ಅಂತ ನಿಮ್ಮಮ್ಮನಿಗೆ ಹೇಳ್ಬೇಡ” ಎಂದರು.

ಕಾರ್ಡನ್ನು ಅಜ್ಜಿಗೆ ತೋರಿಸಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಕೈಯಲ್ಲಿ ಗ್ಲೌಸು ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದ ಸಾಧಾರಣ ಮನುಷ್ಯ. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ನನ್ನ ಮಗ ಇದನ್ನು ನೋಡಿದರೆ ಹೊಟ್ಟೆ ಉರಿದುಕೊಳ್ಳುತ್ತಾನೆ,” ಎಂದು ನಕ್ಕು, “ಮೇಜಿನ ನಿನ್ನ ಕಡೆಯಲ್ಲೇ ಇಟ್ಟುಕೊ. ಈ ಕಡೆ ಬರಗೊಡಬೇಡ,” ಎಂದರು. ಇಟ್ಟುಕೊಂಡೆ. ಆ ಕಡೆ ಹೋಗಗೊಡಲಿಲ್ಲ.

ಯುದ್ಧ ಮುಗಿಯಿತು. ಸೆರೆಯಲ್ಲಿದ್ದವರು ವಿಮಾನದಿಂದ ಇಳಿಯುವುದನ್ನು ಟಿವಿಯಲ್ಲಿ ತೋರಿಸತೊಡಗಿದರು. ಅಜ್ಜಿ ಕುರ್ಚಿಯನ್ನು ಟಿವಿಗೆ ತೀರಾ ಹತ್ತಿರ ಎಳೆದುಕೊಂಡು ಕೂರುತ್ತಿದ್ದರು. ನಾನು ಪಕ್ಕದಲ್ಲಿ ನೆಲದ ಮೇಲೆ. ಒಬ್ಬೊಬ್ಬನೇ ಮೆಟ್ಟಿಲಿಳಿದು ಬರುವಾಗ ಅಜ್ಜಿ ಮುಂದಕ್ಕೆ ಬಾಗುವರು, ಮುಖ ಕಂಡಮೇಲೆ ಹಿಂದಕ್ಕೆ ಒರಗುವರು. ಮತ್ತೆ ಬಾಗುವರು. ಬಂದವರ ಪಟ್ಟಿಯಲ್ಲಿ ಮಗನಿಲ್ಲ ಎಂದು ಅವರಿಗೆ ಮೊದಲೇ ತಿಳಿಸಿದ್ದರು, ಆದರೂ ಬಾಗುವರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಎದ್ದು ಹೋಗಲೂ ಆಗುತ್ತಿರಲಿಲ್ಲ. ವಿಮಾನಗಳು ಬರುವುದು ನಿಂತ ಮೇಲೆ ಅಜ್ಜಿ ಕುರ್ಚಿಯನ್ನು ಮತ್ತೆ ಮೊದಲಿನ ಜಾಗಕ್ಕೆ ಎಳೆದು, “ಎಲ್ಲರನ್ನೂ ಎಣಿಸಿಲ್ಲ ಅವರು,” ಎಂದರು. ಬೀದಿಯವರ ದನಿ ಇನ್ನಷ್ಟು ತಗ್ಗಿತು. ಅಜ್ಜಿಯ ಪಾಲಿಗೆ ಇನ್ನೂ ಬಾಕಿ ಇದ್ದದ್ದು ಆ ಒಂದು ಕೆಲಸ, ಆ ರಟ್ಟಿನ ಚೂರು.

ಅದೇ ವಸಂತದಲ್ಲಿ ನನಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿ, ನುಂಗಲಾಗದೆ, ಜ್ವರದಲ್ಲಿ ಮಲಗಿದೆ. ಅಮ್ಮ ಅರಿಶಿನದ ಪಟ್ಟು ಹಾಕಿ ನನ್ನ ಮುಖವನ್ನು ಇನ್ನಷ್ಟು ಕೆಡಿಸಿಟ್ಟಳು. ಕೆಳಗಿಳಿಯಲಾರದ ನನಗೆ ಬೇಸರವಾಗದಿರಲೆಂದು ಅಜ್ಜಿ ಅಪ್ಪನ ಕೈಯಲ್ಲಿ ಆ ಡಬ್ಬವನ್ನು ಕಳಿಸಿದರು. ಎಂದೂ ಆ ಅಡುಗೆಮನೆ ಬಿಟ್ಟು ಹೊರಬರದಿದ್ದ ಡಬ್ಬ. ನಾನು ಹಾಸಿಗೆಯ ಮೇಲೆ ಎರಡೂ ತಂಡ ಹರಡಿಕೊಂಡು ನೋಡಿದೆ, ಮತ್ತೆ ಅವರದನ್ನು ಡಬ್ಬದಲ್ಲಿ ಕ್ರಮವಾಗಿ ಜೋಡಿಸಿಟ್ಟು, ನನ್ನದನ್ನು ದಿಂಬಿನ ಪಕ್ಕ ಇಟ್ಟು, ನಿದ್ದೆ ಹೋದೆ.

ಮರುದಿನ ಹೊತ್ತೇರಿ ಎದ್ದಾಗ ಡಬ್ಬ ಇರಲಿಲ್ಲ.

“ಕೊಟ್ಟು ಬಂದೆ ಕಣೇ,” ಎಂದಳು ಅಮ್ಮ. ಮುಖದಲ್ಲಿ ಬಹಳ ದಿನದಿಂದ ಕಾಣದ ಕಳೆ. “ಇನ್ನೊಬ್ಬರ ವಸ್ತು ಎಷ್ಟು ದಿನ ಇಟ್ಕೊಳೋದು? ಆದ್ರೆ ಖಾಲಿ ಹ್ಯಾಗೆ ಕೊಡೋದು ಹೇಳು? ಕೋಡುಬಳೆ ಹಾಕಿದ್ರೆ ಎಣ್ಣೆ ಹತ್ತತ್ತೆ. ಯೋಚನೆ ಮಾಡ್ದೆ. ನೋಡಿದ್ರೆ ಒಂದರ ಬದಲು ಹಳೇ ರಟ್ಟು ಸಿಕ್ಕಿಸಿದಾರೆ, ಅದರ ಮೇಲೆ ನಂಬರು. ಪಾಪ, ಸಿಕ್ಕಿಲ್ಲ ಅವರಿಗೆ. ನಿಂದರಲ್ಲಿ ಒಂದೊಂದೇ ಹಿಂದುಗಡೆ ತಿರುಗಿಸಿ ನೋಡ್ದೆ, ಅದೇ ನಂಬರು ಇತ್ತು! ಹಾಕಿಬಿಟ್ಟೆ. ನಿಂಗೆ ಅಪ್ಪ ಇನ್ನೊಂದು ಕೊಡಿಸ್ತಾರೆ ಬಿಡು.”

“ಆ ರಟ್ಟು? ಅಮ್ಮ, ವೇರ್ ಈಸ್ ಇಟ್?”

“ಕಸಕ್ಕೆ ಹಾಕ್ದೆ. ಬೆಳಿಗ್ಗೆ ಗಾಡಿ ಬಂದು ಹೋಯ್ತಲ್ಲ.”

ಇಂಗ್ಲಿಷ್ ಬಾರದ, ಆ ಆಟದ ತಲೆಬುಡ ತಿಳಿಯದ ನನ್ನ ಅಮ್ಮ ಆ ಕಾರ್ಡುಗಳಲ್ಲಿ ಸರಿಯಾದ ಒಂದನ್ನು ತಾನೇ ಹುಡುಕಿದ್ದಳು. ಆ ಹೆಮ್ಮೆಯಲ್ಲಿ ನನ್ನ ತಲೆ ಸವರುತ್ತಿದ್ದಳು. ಅದು ಶೂ ಪೆಟ್ಟಿಗೆಯಾಗಿದ್ದರೆ ಅವಳಿಗೆ ಹೀಗೆ ತೋಚುತ್ತಿರಲಿಲ್ಲ. ಬಿಸ್ಕತ್ತಿನ ಡಬ್ಬವಾಗಿದ್ದಕ್ಕೇ ಅದು ಅವಳ ಪಾಲಿಗೆ ಪಾತ್ರೆಯಾಯಿತು. ನನಗೆ ಅಳು ಬಂತು. ಕೆನ್ನೆ ನೋವಿಗೆ ಅಳುತ್ತಿದ್ದೇನೆಂದು ಅಮ್ಮ ಪಟ್ಟು ಬದಲಾಯಿಸಿದಳು.

ಅಜ್ಜಿ ಮೇಲೆ ಬಂದದ್ದು ಮರುದಿನ ಮಧ್ಯಾಹ್ನ. ಮಂಡಿನೋವಿನಿಂದಾಗಿ ಅವರು ಅದುವರೆಗೆ ನಮ್ಮ ಮೆಟ್ಟಿಲು ಹತ್ತಿದ್ದೇ ಇರಲಿಲ್ಲ. ಒಂದೊಂದೇ ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುವುದು ಮಲಗಿದ್ದಲ್ಲಿಗೇ ಕೇಳಿಸುತ್ತಿತ್ತು. ಅಮ್ಮ ಸೆರಗು ಸರಿಮಾಡಿಕೊಂಡು ಓಡಿಹೋಗಿ ಬಾಗಿಲು ತೆರೆದಳು. ನಾನು ಗೋಡೆ ಹಿಡಿದು ಹಿಂದೆ ಬಂದೆ. ಅಜ್ಜಿ ಡಬ್ಬವನ್ನು ಎದೆಗೆ ಅವಚಿಕೊಂಡಿದ್ದರು. ಅವರು ಅಮ್ಮನನ್ನು ನೋಡಲಿಲ್ಲ. ನನ್ನನ್ನು ನೋಡಿ, ಆ ಚೂರು ಎಲ್ಲಿ ಎಂದು ಕೇಳಿದರು. ಕಾರ್ಡು ಬೇಡ, ನನ್ನ ಮಗ ಬರೆದ ಚೂರು ಎಲ್ಲಿ?

“ಏನಂತೆ?” ಎಂದಳು ಅಮ್ಮ.

ನಾನು ಅಜ್ಜಿಗೆ ನಿಜ ಹೇಳಿದೆ. ಅಮ್ಮನಿಗೆ ಗೊತ್ತಿರಲಿಲ್ಲ, ಕಸದ ಗಾಡಿ ಒಯ್ದಾಯಿತು. ಊದಿದ ಬಾಯಿಂದ ಮಾತು ಸರಿಯಾಗಿ ಹೊರಡದೆ ಎರಡು ಸಲ ಹೇಳಬೇಕಾಯಿತು. ಅಜ್ಜಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದು ಬೇಡಿಕೊಂಡೆ. ಅವರು ಮೊದಲ ಸಲ ಅಮ್ಮನ ಕಡೆ ತಿರುಗಿದರು. ಅಮ್ಮ ನಗುತ್ತ ನಿಂತಿದ್ದಳು, ಬಹುಮಾನ ಬಂದ ಮಗುವಿನ ಹಾಗೆ. ಅಜ್ಜಿ ಅವಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, “ಥ್ಯಾಂಕ್ ಯೂ. ಯು ಆರ್ ವೆರಿ ಕೈಂಡ್,” ಎಂದರು.

“ನೋಡ್ದ್ಯಾ?” ಎಂದಳು ಅಮ್ಮ ನನಗೆ.

ಆಮೇಲೆ ಅಜ್ಜಿ ಡಬ್ಬವನ್ನು ನನ್ನ ಕೈಗಿಟ್ಟರು. ಮುಚ್ಚಳ ತೆಗೆದು ನೋಡಿದೆ, ಎಲ್ಲ ಕಾರ್ಡುಗಳೂ ಒಳಗಿದ್ದವು. ನಾನು ಬೇಡವೆಂದು ಹಿಂದೆ ಸರಿದೆ. “ನಿಮ್ಮಮ್ಮ ಖಾಲಿ ಡಬ್ಬ ಕೊಡುವುದಿಲ್ಲ. ನಾನೂ ಕೊಡುವುದಿಲ್ಲ,” ಎಂದರು. “ಎಲ್ಲ ಸೇರಿತಲ್ಲ, ಇನ್ನು ಅವನಿಗೆ ಮಾಡುವುದೇನೂ ಉಳಿದಿಲ್ಲ. ನೀನಿಟ್ಟುಕೊ.”

ಅವರು ಇಳಿಯಲು ತಿರುಗಿದಾಗ ಅಮ್ಮನಿಗೆ ಗಾಬರಿಯಾಯಿತು. ಮೊದಲ ಸಲ ಮೇಲೆ ಬಂದವರು ಬರಿಗೈಯಲ್ಲಿ ಹೋಗುವುದೇ? ಒಳಗೋಡಿ, ಸಿಕ್ಕ ಕೋಡುಬಳೆಯನ್ನು ಪೇಪರ್ ನ್ಯಾಪ್‌ಕಿನ್ನಿನಲ್ಲಿ ಸುತ್ತಿ ತಂದು ಅವರ ಕೈಯಲ್ಲಿ ತುರುಕಿದಳು. ಒಂದು ಕೈಯಲ್ಲಿ ಕಟಾಂಜನ, ಒಂದು ಕೈಯಲ್ಲಿ ಕೋಡುಬಳೆ ಹಿಡಿದು ಅಜ್ಜಿ ಒಂದೊಂದೇ ಮೆಟ್ಟಿಲು ಇಳಿದುಹೋದರು.

ಕೆಲವು ವಾರಗಳಲ್ಲಿ ಅಜ್ಜಿ ಚರ್ಚಿನಲ್ಲಿ ಮಗನಿಗಾಗಿ ಸಾವಿನ ಪ್ರಾರ್ಥನೆ ಮಾಡಿಸಿದರು. ಶವವಿಲ್ಲದೆ, ಬರೀ ಫೋಟೋ ಇಟ್ಟು. ಬೀದಿಯವರಿಗೆ ಹಗುರವಾಯಿತು, ಅಂತೂ ಒಪ್ಪಿಕೊಂಡರಲ್ಲ ಎಂದರು. ಅಮ್ಮ ಬಿಳಿ ಸೀರೆಯುಟ್ಟು ಬಂದು ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಅತ್ತಳು. “ಪಾಪ, ಈಗ ಯಾಕೆ ಇವರಿಗೆ ಇಷ್ಟು ಧೈರ್ಯ ಕೆಟ್ಟಿತೋ,” ಎಂದಳು ಮನೆಗೆ ಬರುವಾಗ. ನಾನು ಬೂಟಿನಿಂದ ಕಲ್ಲು ಒದೆಯುತ್ತ ನಡೆದೆ.

ಪ್ರಾರ್ಥನೆಯಾದ ವಾರ ನಾನು ಕ್ಯಾಚರ್‌ನನ್ನು ಹೊರಗೆ ತೆಗೆದು, ನಮ್ಮ ಸೀರಿಯಲ್ ಪೆಟ್ಟಿಗೆಯಿಂದ ಒಂದು ಚೂರು ಕತ್ತರಿಸಿ, ನೀಲಿ ಪೆನ್ನಿನಲ್ಲಿ ನಂಬರು ಬರೆದು ಅವನ ಜಾಗದಲ್ಲಿ ಸಿಕ್ಕಿಸಿ, ಡಬ್ಬವನ್ನು ಕೆಳಗೆ ಒಯ್ದೆ. ಅಕ್ಷರವನ್ನು ಬಲಕ್ಕೆ ವಾಲಿಸಿಯೇ ಬರೆದಿದ್ದೆ. ಅಜ್ಜಿ ಆ ಚೂರನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನ ಹಣೆಗೆ ಮುತ್ತಿಟ್ಟರು, ಮುಚ್ಚಳ ಹಾಕಿ ಡಬ್ಬವನ್ನು ವಾಪಸು ಕೊಟ್ಟರು. ತಟ್ಟೆ ಮಾತ್ರ ನಾವು ಮನೆ ಬಿಡುವ ತನಕ ಮೇಲೆ ಕೆಳಗೆ ಓಡಾಡುತ್ತಲೇ ಇತ್ತು. ನಾನು ಮತ್ತೆ ಆ ಮೇಜಿನ ಮುಂದೆ ಕೂರಲಿಲ್ಲ.

ಆ ಕ್ಯಾಚರ್‌ನನ್ನು ನ್ಯೂ ಜೆರ್ಸಿಗೆ ಬಂದ ಮೇಲೆ ಶಾಲೆಯ ಹುಡುಗನೊಬ್ಬನಿಗೆ ಸುಮ್ಮನೆ ಕೊಟ್ಟುಬಿಟ್ಟೆ. ಬದಲಿಗೆ ಏನು ಬೇಕು ಎಂದ, ಏನೂ ಬೇಡವೆಂದೆ. ಆಮೇಲೂ ಅವನು ಹರಾಜಿನ ಕಟ್ಟುಗಳಲ್ಲಿ ಸೇರಿಕೊಂಡು ನನ್ನ ಕೈಗೆ ಬಂದಿದ್ದಾನೆ. ಪ್ರತಿ ಸಲವೂ ಯಾರಿಗಾದರೂ ದಾಟಿಸಿಬಿಡುತ್ತೇನೆ. ಸುಲಭವಾಗಿ ಸಿಗದ ಕಾರ್ಡನ್ನು ಹೀಗೆ ಹಂಚುವ ನನ್ನನ್ನು ಕೂಡಿಸುವವರು ಅರೆಮರುಳು ಎಂದುಕೊಂಡಿರಬೇಕು.

ಅಮ್ಮನಿಗೆ ಈಗ ವಯಸ್ಸಾಗಿದೆ. ನ್ಯೂ ಜೆರ್ಸಿಯ ಸಮರ್‌ಸೆಟ್‌ನಲ್ಲಿ ನನ್ನ ಜೊತೆ ಇದ್ದಾಳೆ. ಬೆಳಿಗ್ಗೆ ತಿಂದದ್ದು ಮರೆಯುತ್ತಾಳೆ, ಇದನ್ನು ಮರೆತಿಲ್ಲ. “ಕೆಳಗಿನಜ್ಜಿ ಡಬ್ಬ ಇದೆಯೇನೇ? ನಾನು ಹುಡುಕಿ ಹಾಕಿದ್ನಲ್ಲ, ಎಷ್ಟು ಸಂತೋಷಪಟ್ರು! ಅಷ್ಟು ಮಂಡಿನೋವಲ್ಲೂ ಥ್ಯಾಂಕ್ಸ್ ಹೇಳಕ್ಕೆ ಹತ್ತಿ ಬಂದ್ರು,” ಎನ್ನುತ್ತಾಳೆ. ಈ ದೇಶದಲ್ಲಿ ತಾನು ಒಬ್ಬರಿಗೆ ಮಾಡಿದ ಉಪಕಾರವೆಂದು ಅವಳು ನೆನೆಯುವುದು ಇದೊಂದನ್ನೇ. “ಎಲ್ಲಾ ಸರಿಯಾಗಿದೆ ತಾನೇ? ಒಂದೂ ಕಳೆದಿಲ್ಲ ತಾನೇ?”

“ಇಲ್ಲಮ್ಮ, ಪೂರ್ತಿ ಇದೆ,” ಎನ್ನುತ್ತೇನೆ.

ಡಬ್ಬ ನನ್ನ ಬೀರುವಿನಲ್ಲಿದೆ. ಕ್ಯಾಚರ್‌ನ ಜಾಗದಲ್ಲಿ ರಟ್ಟಿನ ಚೂರು ಇದೆ. ಅದರ ಮೇಲಿನ ಅಕ್ಷರ ನನ್ನದು.